ಗಿರಿಜಕ್ಕ ಹಾಕಿಕೊಟ್ಟ ಬೇರಿಂಗ್

“ಅದನ್ನು ನಿಲ್ಲಿಸು ಮಾರಾಯ, ನನ್ನ ಗಿರಾಕಿಗಳೆಲ್ಲ ಓಡಿಹೋಗುತ್ತಾರೆ!” ಎಂದು ಕಾಪು ಬಸ್‌ಸ್ಟ್ಯಾಂಡಿನ ಬಳಿ ಮೀನು ಮಾರುವ ಗಿರಿಜಕ್ಕ ಕೂಗಿದರು. ಮನೆಯಿಂದ ಬಸ್ಸಿಗೆ ನಾನು ಹೋಗುವುದು ಸ್ಕೇಟ್‌ಬೋರ್ಡಿನಲ್ಲಿ. ಮಳೆ ಶುರುವಾದ ಮೇಲೆ ಅದರ ಚಕ್ರಗಳು ಊರಿಗೆಲ್ಲ ಕೇಳುವಂತೆ ಕಿರುಚುತ್ತಿದ್ದವು.

ಎಲ್ಲಕ್ಕಿಂತ ವೇಗದ, ದುಬಾರಿ ಬೇರಿಂಗ್ ಹಾಕಿಸಿದ್ದೇನೆ, ದಿನಾ ತೆಂಗಿನೆಣ್ಣೆಯನ್ನೂ ಬಿಡುತ್ತೇನೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ಬೋರ್ಡನ್ನು ಕಸಿದುಕೊಂಡು, ಬಂಗುಡೆ ಕತ್ತರಿಸುತ್ತಿದ್ದ ಕೈಯಿಂದಲೇ ಚಕ್ರ ತಿರುಗಿಸಿ ನೋಡಿದರು.

“ಎಣ್ಣೆ ಬಿಡಲು ಇದೆಂತ ನಿನ್ನ ತಲೆಯಾ? ಎಣ್ಣೆಗೆ ಕಡಲ ಬದಿಯ ಹೊಯ್ಗೆ ಅಂಟುತ್ತದೆ. ಎರಡೂ ಬದಿ ರಬ್ಬರ್ ಮುಚ್ಚಳ ಇರುವುದು ಹಾಕಬೇಕು, ಒಳಗೆ ಗ್ರೀಸ್ ಉಂಟು. ನನ್ನ ಗಾಡಿ ದಿನಾ ಉಪ್ಪುನೀರಲ್ಲಿ, ಹೊಯ್ಗೆಯಲ್ಲಿ ಓಡುವುದು. ಒಂದು ದಿನ ಸದ್ದು ಕೇಳಿದ್ದೀಯಾ?”

ಕೇಳಿರಲಿಲ್ಲ. ನನ್ನ ಬಸ್ಸು ಹೋದರೂ ಬಿಡದೆ, ಮೀನಿನ ಗಾಡಿಗೆಂದು ತೆಗೆದಿಟ್ಟಿದ್ದ ಎಂಟು ಬೇರಿಂಗ್‌ಗಳನ್ನು ಅಲ್ಲೇ ಕೂತು ಹಾಕಿಕೊಟ್ಟರು. ಅಳತೆ ತೆಗೆದು ಮಾಡಿಸಿದಂತೆ ಕೂತವು.

ಇಡೀ ಮಳೆಗಾಲ ಬೋರ್ಡು ಸದ್ದೇ ಮಾಡಲಿಲ್ಲ. ಆದರೂ ಗಿರಿಜಕ್ಕ ದಿನಾ ಬೆಳಿಗ್ಗೆ ಬಂಗುಡೆ ಕತ್ತರಿಸುವ ಅದೇ ಕೈಯಿಂದ ನಾಲ್ಕೂ ಚಕ್ರ ತಿರುಗಿಸಿ ನೋಡಿಯೇ ನನ್ನನ್ನು ಬಸ್ಸು ಹತ್ತಿಸುತ್ತಾರೆ. ಉಡುಪಿ ಬಸ್ಸು ಎಷ್ಟೇ ತುಂಬಿರಲಿ, ನನ್ನ ಪಕ್ಕದ ಸೀಟು ಖಾಲಿ.