ಅಬ್ಬಲಿಗೆ ಮೊದಲೋ, ಅಬೋಲಿ ಮೊದಲೋ

ಟೀಸಿ ಕಾಕಾ ಅವರ ಕಪ್ಪು ಕೋಟಿನ ಮೇಲಿನ ಕಾಜಾದಲ್ಲಿ ಗುಂಡಿ ಸಿಕ್ಕಿಸಿದ್ದನ್ನು ನಾನು ಕಾಣೆ. ಅಲ್ಲಿ ದಿನಕ್ಕೊಂದು ಹೂವಿರುತ್ತಿತ್ತು!

ಪುಣೆಯ ಶಿವಾಜಿನಗರದಲ್ಲಿ ನಮ್ಮ ಪಕ್ಕದ ಮನೆ ಅವರದು. ಧಾರವಾಡದ ಕಡೆಯವರು. ದೌಂಡ ದಾಟಿ ಸೊಲ್ಲಾಪುರಕ್ಕೆ ಹೋಗುವ ರೈಲು ಗಾಡಿಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದರು. ಆದರೆ ಹೂವಿನ ಬುಟ್ಟಿ ಇಟ್ಟುಕೊಂಡ ಅಜ್ಜಿಯರು ಕಂಡರೆ ಟಿಕೆಟ್ಟೂ ಮರೆತುಹೋಗುತ್ತಿತ್ತು. "ಇದಕ್ಕ ನಿಮ್ಮೂರಾಗ ಏನಂತಾರ್ರಿ?" ಎಂದು ಕೇಳಿ, ಹಳೆಯ ರಿಸರ್ವೇಶನ್ ಚಾರ್ಟಿನ ಬೆನ್ನಿಗೆ ಬರೆದುಕೊಳ್ಳುವರು. ಯಾರಾದರೂ ಹೆಸರು ಹುಟ್ಟಿದ ಕಥೆ ಹೇಳಿದರೆ ಪುರಾವೆ ಬೇಕೇ ಬೇಕು. ಇಲ್ಲದಿದ್ದರೆ ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ. ನಮ್ಮಪ್ಪ ಚಹಾ ಕುಡಿಯುತ್ತಾ ಕಟ್ಟಿದ ಕಥೆಗಳಿಗೆಲ್ಲ ಅದೇ ಗತಿಯಾಯಿತು.

ಹುಬ್ಬಳ್ಳಿಯಿಂದ ಬಂದು ಮರಾಠಿ ಶಾಲೆ ಸೇರಿದ ನಾನು ಎರಡು ತಿಂಗಳು ತುಟಿ ಬಿಚ್ಚಲಿಲ್ಲ. ಜಡೆಗೆ ಮಾತ್ರ ಅವ್ವ ದಿನಾ ಅಬ್ಬಲಿಗೆಯ, ಅಂದರೆ ಕನಕಾಂಬರದ, ದಂಡೆ ಮುಡಿಸುತ್ತಿದ್ದಳು. ಮರಾಠಿಯಲ್ಲಿ ಆ ಹೂವು ಅಬೋಲಿ. ಅಬೋಲಿ ಎಂದರೆ ಮಾತಾಡದವಳು ಎಂಬ ಅರ್ಥವೂ ಬರುತ್ತದೆ. ತರಗತಿಯ ಹುಡುಗಿಯರಿಗೆ ಇನ್ನೇನು ಬೇಕು? ನನಗೆ ಅದೇ ಹೆಸರು ಅಂಟಿತು. ಒಂದು ಸಂಜೆ ದಂಡೆ ಕಿತ್ತೆಸೆದು, ಇನ್ನು ಶಾಲೆಗೆ ಹೋಗುವುದೇ ಇಲ್ಲ ಎಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಕೆಲಸ ಮುಗಿಸಿ ಬಂದ ಕಾಕಾ ದಂಡೆ ಎತ್ತಿಕೊಂಡು ಪಕ್ಕದಲ್ಲಿ ಕೂತರು. ಎಲ್ಲ ಕೇಳಿದ ಮೇಲೆ ದಂಡೆಯ ಧೂಳು ಕೊಡವಿ ನನ್ನ ಕೈಗಿಟ್ಟರು.

"ಅಳಬ್ಯಾಡ ತಂಗಿ. ನಮ್ಮ ಅಬ್ಬಲಿಗೀನ ಮೊದಲು. ಅವರ ಬಾಯಾಗ ಅದು ಅಬೋಲಿ ಆತು. ಹೂವು ಮೂಕಿ ಅಲ್ಲ, ನೀನೂ ಅಲ್ಲ. ನಾಳೆ ಹೋಗಿ ಹೇಳು."

"ಪಕ್ಕಾ ಏನ್ರಿ ಕಾಕಾ?"

"ಪಕ್ಕಾ."

ಮರುದಿನ ತರಗತಿಯಲ್ಲಿ ಎದ್ದು ನಿಂತೆ. ಮರಾಠಿಯಲ್ಲಿ ಹೂವಿಗೂ ಲಿಂಗವುಂಟು. ನಾನು ಅದನ್ನು ಗಂಡಸು ಮಾಡಿಬಿಟ್ಟೆ. ಇಡೀ ತರಗತಿ ನಕ್ಕಿತು. ನಾನು ನಿಲ್ಲಿಸಬೇಕಲ್ಲ! ಅಬ್ಬಲಿಗೆ ಮೊದಲು, ಅಬೋಲಿ ಆಮೇಲೆ, ಪುರಾವೆ ಬೇಕಾದರೆ ನಮ್ಮ ಕಾಕಾರನ್ನು ಕೇಳಿ ಎಂದೆ. ಅಂದು ತೆರೆದ ಬಾಯಿ ಇಂದಿಗೂ ಮುಚ್ಚಿಲ್ಲ. ಈಗ ಇದೇ ಪುಣೆಯ ಮಕ್ಕಳಿಗೆ ಮರಾಠಿ ಕಲಿಸುತ್ತಿದ್ದೇನೆ, ನೋಡಿ!

ಹೋದ ವರ್ಷ ಕಾಕಾ ತೀರಿಕೊಂಡರು. ಅವರ ಹೆಂಡತಿ ಚಾರ್ಟುಗಳ ಕಟ್ಟನ್ನು ನನ್ನ ಕೈಗಿಟ್ಟರು. ಗಡಿಬಿಡಿಯಿಂದ ಅಬ್ಬಲಿಗೆಯ ಹಾಳೆ ಹುಡುಕಿದೆ. "ಅಬ್ಬಲಿಗೆ, ಅಬೋಲಿ: ಯಾವುದು ಮೊದಲೋ ತಿಳಿಯದು." ಮುಂದೆ ಎಲ್ಲಕ್ಕಿಂತ ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ಅದರ ಕೆಳಗೆ, ನಾನು ಅತ್ತ ದಿನದ ತಾರೀಖು ಹಾಕಿ, ಒಂದು ಸಾಲು ಬರೆದಿದ್ದರು:

"ಹುಡುಗಿಗೆ ಪಕ್ಕಾ ಅಂದೀನಿ. ಮಾತಾಡ್ಲಿ."