ಚಾ ಬ್ಯಾಡನ್ನೋ ಬಟನ್

ನಾ ಮಾಡಿದ ಮೊದಲನೇ ವಿಡಿಯೋ ಗೇಮ್ ಭಾಲ್ಕಿ ಕಾರ್ಯಾಗಾರದಾಗ ಕುಂತಿದ್ದ ಮಂದಿ ಒಬ್ಬರೂ ಬಿಡದಂಗ ಆಡಿದ್ರು. ಒಬ್ಬರೂ ಬಿಡದಂಗ ಸೋತ್ರು. ಸೋತು ಎದ್ದು ನಿಂತು, 'ಭಾಳ ಛಲೋ ಅದರಿ ಅಕ್ಕಾರ' ಅಂದು ಹೋದ್ರು. ಎಲ್ಲರೂ ಸೋಲೋ ಆಟ ಹ್ಯಾಂಗ ಛಲೋ ಆಗ್ತದ ಅಂತ ಅವರಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ. ನಮ್ಮ ಕಡಿ ಮಂದಿ ಹಿಂಗೇ. ಮಾರಿ ಮುಂದ ಕೆಟ್ಟ ಮಾತು ಹೇಳು ಅಂದ್ರ ಜ್ವರಾ ಬಂದವರಂಗ ಮಾಡ್ತಾರ.

ನಮ್ಮ ಮನಿ ಭಾಲ್ಕಿ ಸಮೀಪದ ಭಾತಂಬ್ರಾ ಊರಾಗ. ನನ್ನ ಕೆಲಸ ಭಾಲ್ಕಿ ಬಸ್ ಸ್ಟ್ಯಾಂಡ್ ಬಾಜೂಕ ಒಂದು ಆನ್‌ಲೈನ್ ಸೆಂಟರಿನಾಗ. ಪಹಣಿ ತೆಗೆದುಕೊಡೋದು, ಪರೀಕ್ಷಾ ಫಾರ್ಮ್ ತುಂಬೋದು, ಯಾರೋ ಬರೆದ ತಪ್ಪು ಹೆಸರಿಗೆ ನಾ ಬೈಸಿಕೊಳ್ಳೋದು. ಮನಿಯೊಳಗ ಅವ್ವ, ನಾನು, ಇಬ್ಬರೇ. ಅಪ್ಪ ನಾ ಸಣ್ಣಾಕಿದ್ದಾಗೇ ತೀರಿಕೊಂಡ. ಅವತ್ತಿನಿಂದ ನಮಗ ಹಿರಿಯ ಅಂದ್ರ ದೊಡ್ಡಪ್ಪ. ಬೀದರ ಗಾಂಧಿ ಗಂಜ್ ಬಜಾರದಾಗ ಆತಂದು ಅಡತ್ ಅಂಗಡಿ, ರೈತರ ಕಾಳು ಮಾರಿಸಿಕೊಡೋ ದಲ್ಲಾಳಿ ಕೆಲಸ. ಅಲ್ಲಿ ಹಮಾಲರ ಗದ್ದಲದ ನಡುವ ನಿಂತು ಆತ ಫೋನಿನಾಗ ಹೇಳ್ತಾನ, ಇಲ್ಲಿ ಅವ್ವ ಸೆರಗು ಸರಿ ಮಾಡಿಕೊಂಡು 'ಹೂಂನ್ರಿ ಭಾವಾರ' ಅಂತಾಳ. ಫೋನಿನಾಗ ಸೆರಗು ಯಾರಿಗೆ ಕಾಣ್ತದವ್ವಾ ಅಂತ ಕೇಳಿದ್ರ ನನಗೇ ಬೈತಾಳ. ಆತಗ 'ಹೂಂ' ಬಿಟ್ಟು ಬ್ಯಾರೆ ಮಾತು ಆಕಿ ಆಡಿದ್ದು ನಾ ಹುಟ್ಟಿದಾಗಿನಿಂದ ಕೇಳಿಲ್ಲ. ನನ್ನ ಸಿಟ್ಟು ಮಾತ್ರ ಮೂಗಿನ ತುದಿಮ್ಯಾಲೇ ಇರ್ತದ.

ವಿಡಿಯೋ ಗೇಮ್ ಮಾಡೋದು ಕಲಿಸ್ತಾರ, ಭಾಲ್ಕಿಯೊಳಗ ಎರಡು ದಿನದ ಕಾರ್ಯಾಗಾರ ಅಂತ ನಮ್ಮ ಸೆಂಟರಿನ ಗ್ವಾಡಿಗೇ ಚೀಟಿ ಹಚ್ಚಿ ಹೋಗಿದ್ರು. ಬಂದ ಹುಡುಗರಿಗೆಲ್ಲ ನಾನೇ ಫಾರ್ಮ್ ತುಂಬಿಕೊಟ್ಟೆ. ತುಂಬಿ ತುಂಬಿ ಕಡೀಕ ನಂದೂ ಒಂದು ತುಂಬಿದೆ. ಕಲಿಸ್ಲಾಕ ಬೆಂಗಳೂರಿನಿಂದ ಒಬ್ಬ ಸರ್ ಬಂದಿದ್ರು. ವಯಸ್ಸು ಸಣ್ಣದು, ದನಿ ಅದಕ್ಕಿಂತ ಸಣ್ಣದು. 'ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಕೆಲಸ ತಗೊಳ್ಳಿ, ಅದನ್ನೇ ಆಟ ಮಾಡಿ' ಅಂದ್ರು. ಹುಡುಗರೆಲ್ಲ ಬಂದೂಕು ಹಿಡಿದು ರಾಕ್ಷಸರನ್ನ ಹೊಡಿಯೋ ಆಟ ಮಾಡ್ಲಾಕ ಕುಂತ್ರು. ಅವರಿಗೆ ಚೆನ್ನಾಗಿ ಗೊತ್ತಿರೋ ಕೆಲಸ ಅದೇ ಅಂತ! ಮನಿಯೊಳಗ ಇಲಿ ಬಂದ್ರ ಅವ್ವನ್ನ ಕರಿಯೋ ಹುಡುಗರು.

ನನಗ ಗೊತ್ತಿದ್ದ ಕೆಲಸ ಲಗ್ನಪತ್ರ ಹಂಚೋದು. ಮನಿತನದಾಗ ಯಾರದೇ ಲಗ್ನ ಇರಲಿ, ಕೈಚೀಲಾ ನನ್ನ ಹೆಗಲಿಗೇ. ಅದನ್ನೇ ಆಟ ಮಾಡಿದೆ. ಒಬ್ಬಾಕಿ ಹೆಣ್ಣುಮಗಳು ಪತ್ರ ತಗೊಂಡು ಊರಿಗೆ ಬರ್ತಾಳ. ಹನ್ನೊಂದು ಮನಿಗೆ ಪತ್ರ ಮುಟ್ಟಿಸಿ ಸಂಜಿ ಐದರ ಬಸ್ ಹಿಡೀಬೇಕು. ಹಿಡಿದ್ರ ಗೆದ್ದಂಗ. ಪ್ರತಿ ಮನಿಯೊಳಗೂ 'ಚಾ ಕುಡದು ಹೋಗ್ರಿ' ಅಂತಾರ, ಆವಾಗ ಎರಡು ಬಟನ್ ಬರ್ತಾವ. ಒಂದು 'ಸಕ್ಕರಿ ಕಮ್ಮಿ', ಇನ್ನೊಂದು 'ಸಕ್ಕರಿ ಜಾಸ್ತಿ'. ಒತ್ತಿದ ಕೂಡಲೇ ಚಾ ಬರ್ತದ, ಗಡಿಯಾರದ ಮುಳ್ಳು ಮುಂದ ಓಡ್ತದ.

ಬ್ಯಾರೆಯವರು ಆಡುವಾಗ ಮಾಡಿದವರು ಬಾಯಿ ತೆರೀಬಾರದು, ಸುಮ್ಕ ನಿಂತು ನೋಡಬೇಕು ಅಂತ ಸರ್ ಹೇಳಿದ್ರು. ನೋಡಿದೆ. ಮಂದಿ ಹನ್ನೊಂದೂ ಮನಿಯೊಳಗ ಚಾ ಕುಡಿದ್ರು. ಐದರ ಬಸ್ ಧೂಳೆಬ್ಬಿಸಿಕೊಂಡು ಹೋಯ್ತು. 'ಹೋದ್ರ ಹೋಯ್ತು ಬಿಡ್ರಿ, ಎಲ್ಲರನ್ನೂ ಮಾತಾಡಿಸಿದಂಗ ಆತಲ್ಲ' ಅಂದ ಒಬ್ಬ. 'ಇಲ್ಲೇ ಯಾರ ಮನಿಯಾಗರ ವಸ್ತಿ ಮಾಡಿದ್ರಾತು' ಅಂದ ಇನ್ನೊಬ್ಬ. ನನಗ ಹಿಗ್ಗೋ ಹಿಗ್ಗು.

ಸರ್‌ಗೆ ಆಟ ಆಡ್ಲಾಕ ಪುರಸೊತ್ತಾಗಿರಲಿಲ್ಲ, ಆದ್ರ ಮಂದಿ ನಗೋದು ನೋಡಿದ್ರು. ಮರುದಿನ ಔರಾದದಾಗ ಅವರದೊಂದು ಭಾಷಣ ಇತ್ತು. 'ನೀವೂ ಬನ್ನಿ, ಅಲ್ಲೂ ತೋರಿಸೋಣ' ಅಂದ್ರು. ಹೋದೆವು. ಔರಾದ ಮಂದಿ ಕನ್ನಡದಾಗ ಮರಾಠಿ ಕಲಸಿ ಮಾತಾಡ್ತಾರ, ಪ್ರೀತಿ ಮಾತ್ರ ಕಲಬೆರಕಿಲ್ಲ. ಸರ್ ಒಂದು ತಾಸು ಆಟ ಮಾಡೋರ ಕೆಲಸದ ಬಗ್ಗೆ ಹೇಳಿದ ಮ್ಯಾಲ ಒಬ್ಬ ಹಿರಿಯರು ಎದ್ದು, 'ಆಟ ಆಡೋದಕ್ಕ ಇಷ್ಟು ಕಲೀಬೇಕೇನ್ರಿ?' ಅಂತ ಕೇಳಿದ್ರು. 'ಆಡೋದಕ್ಕಲ್ಲ, ಮಾಡೋದಕ್ಕೆ' ಅಂದ್ರು ಸರ್. 'ಅಚ್ಛಾ ಅಚ್ಛಾ' ಅಂತ ಹಿರಿಯರು ಕುಂತ್ರು. ತಿಳಿದಂಗ ಕಾಣಲಿಲ್ಲ.

ಅಲ್ಲೂ ನನ್ನ ಆಟ ಎಲ್ಲರೂ ಆಡಿದ್ರು, ಎಲ್ಲರೂ ಸೋತ್ರು. ಆದ್ರ ಔರಾದದವರು ಭಾಲ್ಕಿಯವರಿಗಿಂತ ಶಾಣ್ಯಾರು, ತಪ್ಪು ಹುಡುಕಿದ್ರು. 'ಕಪ್ಪಿನ ಕೆಳಗ ಬಸಿ ಇಲ್ಲಲ್ಲರಿ' ಅಂದ ಒಬ್ಬ. 'ಬರೇ ಚಾ ಕೊಟ್ಟು ಕಳಸ್ತಾರೇನವಾ? ಜೋಡಿಗಿ ಒಂದಿಷ್ಟು ಅವಲಕ್ಕಿ ಇಡು' ಅಂದ್ಲು ಒಬ್ಬಾಕಿ ಹಿರಿಯಾಕಿ. ನಾನೂ ಭಕ್ತಿಯಿಂದ ಎಲ್ಲಾ ಬರಕೊಂಡೆ.

ಮುಗಿದ ಮ್ಯಾಲ ಹೊರಗ ಕಟ್ಟಿಮ್ಯಾಲ ಕುಂತು ಸರ್ ತಾವೇ ಆಡಿದ್ರು. ಒಂದು ಸಲ, ಎರಡು ಸಲ, ನಾಲ್ಕು ಸಲ. ಆಮ್ಯಾಲ ತಲಿ ಎತ್ತಿ, 'ಚಹಾ ಬೇಡ ಅನ್ನೋ ಬಟನ್ ಎಲ್ಲಿದೆ?' ಅಂದ್ರು.

'ಯಾಕ್ರಿ ಸರ್?'

'ಬೇಡ ಅಂದ್ರೆ ತಾನೇ ಬಸ್ ಸಿಗೋದು?'

'ಪತ್ರ ಕೊಡ್ಲಾಕ ಹೋಗಿ ಚಾ ಬ್ಯಾಡ ಅಂತಾರೇನ್ರಿ? ಮಂದಿ ಏನಂದಾರು!'

'ಹಾಗಾದ್ರೆ ಈ ಆಟ ಯಾರೂ ಗೆಲ್ಲೋಕೆ ಆಗಲ್ಲ' ಅಂದ್ರು ಅವರು, ಮೆಲ್ಲಗ.

ವಾದ ಮಾಡ್ಲಾಕ ಬಾಯಿ ತೆರೆದೆ. ಬೆರಳು ಮಡಚಿ ಲೆಕ್ಕ ಹಾಕಿದೆ. ಹನ್ನೊಂದು ಮನಿ, ಹನ್ನೊಂದು ಚಾ, ಐದರ ಬಸ್.  ಗೆಲ್ಲೋ ದಾರಿನೇ ಇಲ್ಲದ ಆಟ ಮಾಡಿ ಎರಡು ಊರು ಮೆರೆಸಿದ್ದೆ ನಾ! ನಾಚಿಗಿ ಆಗಬೇಕಾದಲ್ಲಿ ನನಗ ಸಿಟ್ಟು ಬಂತು. ಸರ್ ಕೈಯಾಗ ಔರಾದದವರು ಕೊಟ್ಟ ನಾಲ್ಕನೇ ಕಪ್ ಇತ್ತು. 'ನೀವೇ ಇದನ್ನ ಬ್ಯಾಡ ಅನ್ರಿ ನೋಡೂಣು' ಅಂದೆ. ಅವರು ಚಾ ಕೊಟ್ಟವನ ಮಾರಿ ನೋಡಿದ್ರು. ಅಂವ ಹಲ್ಲು ಕಿಸಿದು ನಿಂತಿದ್ದ. ಸರ್ ಕಣ್ಣು ಮುಚ್ಚಿ ಕುಡಿದುಬಿಟ್ರು.

ಆಮ್ಯಾಲ ಖರೇ ಮಾತು ಹೇಳಿದ್ರು. ಬರೋ ಐತ್ವಾರ ಬೀದರದಾಗ ಇನ್ನೊಂದು ಕಾರ್ಯಾಗಾರ, ಅಲ್ಲಿ ಕೆಲವರನ್ನ ಆರಿಸಿ ನಾಲ್ಕು ತಿಂಗಳು ಬೀದರದಾಗೇ ಪೂರ್ತಿ ಕಲಿಸ್ತಾರಂತ. 'ಆ ಬಟನ್ ಹಾಕಿ ತನ್ನಿ. ನಿಮ್ಮದು ಆಗಬಹುದು' ಅಂದ್ರು. ನನಗ ಅದು ಬೇಕಾಗಿತ್ತು. ಎಷ್ಟು ಬೇಕಾಗಿತ್ತಂದ್ರ ಬಾಯಿ ಬಿಟ್ಟು ಹೇಳ್ಲಾಕ ಅಂಜಿಕಿ ಆಗ್ತಿತ್ತು. ದಿನಾ ಮಂದಿ ಫಾರ್ಮ್ ತುಂಬೋ ಕೈಲೆ ನಂದೇ ಅಂತ ಒಂದು ಮಾಡಿದ್ದೆ, ಅದನ್ನ ನೋಡಿ ಗುರುತಿಲ್ಲದ ಮಂದಿ ನಕ್ಕಿದ್ರು. ಔರಾದ ಬಸ್ ಸ್ಟ್ಯಾಂಡಿನಿಂದಲೇ ಅವ್ವಗ ಫೋನ್ ಹಚ್ಚಿ ಹೇಳಿದೆ. 'ಹೂಂ, ಹೋಗು' ಅಂದ್ಲು.

ಮನಿ ಮುಟ್ಟೋದ್ರೊಳಗ ಇನ್ನೊಂದು ಫೋನ್ ಬಂದು ಹೋಗಿತ್ತು. ಅದೇ ಐತ್ವಾರ ನನ್ನ ನೋಡ್ಲಾಕ ಬೀಗರು ಬರ್ತಾರ, ಹುಡುಗಿ ಮನಿಯಾಗಿರಲಿ ಅಂತ ದೊಡ್ಡಪ್ಪ ಹೇಳಿದ್ದ. ಅದಕ್ಕೂ ಅವ್ವ 'ಹೂಂ' ಅಂದಿದ್ಲು. ಒಂದೇ ಐತ್ವಾರಕ್ಕ ಎರಡು ಹೂಂ!

'ನಾ ಏನು ಎರಡು ತುಂಡಾಗಬೇಕೇನು?' ಅಂತ ಒದರಿದೆ.

'ಭಾವಾರಿಗೆ ಹ್ಯಾಂಗ ಬ್ಯಾಡ ಅನ್ಲಿ ಮಗಳ? ಅಪ್ಪ ಇಲ್ಲದ ಮನಿ ಆತ ನಡೆಸ್ಯಾನ.'

'ಹಂಗಾರ ನನಗರ ಬ್ಯಾಡ ಅಂದಿರಬೇಕಾಗಿತ್ತು.'

'ನಿನಗ ಹ್ಯಾಂಗ ಅನ್ಲಿ?' ಅಂದ್ಲು. ಏನಂತೀರಿ ಇಂಥಾಕಿಗೆ!

ಎರಡು ದಿನ ಮಾತು ಬಿಟ್ಟೆ. ಆದ್ರ ಬಟನ್ ಹಾಕಬೇಕಲ್ಲ, ನಮ್ಮ ಊರಾಗ ಚಾ ಹ್ಯಾಂಗ ತಪ್ಪಿಸ್ತಾರ ಅಂತ ಕೇಳ್ಲಾಕ ಅವ್ವನ ಬಿಟ್ರ ಗತಿ ಇರಲಿಲ್ಲ. ಸಿಟ್ಟಿನಾಗೇ ಕೇಳಿದೆ. ಆಕಿ ರೊಟ್ಟಿ ಬಡೀತಾ ಹೇಳಿದ್ಲು: 'ಈಗೇ ಕುಡದೀನ್ರಿ ಅಂತಾರ. ಸೋಮ್ವಾರ ಆದ್ರ ಉಪಾಸ ಅಂತಾರ. ಅರ್ಧಾ ಕಪ್ ಹಾಕ್ರಿ ಅಂತಾರ. ಬರೇ ಬ್ಯಾಡ ಅಂತ ಯಾರೂ ಅನ್ನಂಗಿಲ್ಲ.' ನಾ ಆ ಮೂರೂ ಹಾಕಿದೆ, ಹಟಕ್ಕ ನಾಲ್ಕನೇದು 'ಬ್ಯಾಡ್ರಿ' ಅಂತಲೂ ಹಾಕಿದೆ. ಮ್ಯಾಲ 'ಮಾನ' ಅಂತ ಒಂದು ಉದ್ದನ ಹಸರು ಪಟ್ಟಿ ಇಟ್ಟೆ. 'ಬ್ಯಾಡ್ರಿ' ಒತ್ತಿದ್ರ ಪಟ್ಟಿ ಪೂರಾ ಖಾಲಿ, ಬಾಗಲಾ ಧಡ್ ಅಂತ ಮುಚ್ಚತದ, ಆಟ ಅಲ್ಲಿಗೇ ಮುಗೀತದ.

ಶುಕ್ರವಾರ ಮುಂಜಾನಿ ಅವ್ವನ ಕೈಯಾಗ ಫೋನ್ ಕೊಟ್ಟು ಆಡು ಅಂದೆ. ಕಣ್ಣಡಕಾ ಹಾಕ್ಕೊಂಡು ಕುಂತ್ಲು. ಮೊದಲನೇ ಮನಿಯೊಳಗೇ ಹೊಸಾ ನಾಲ್ಕೂ ಬಟನ್ ಓದಿದ್ಲು. ನನ್ನ ಮಾರಿ ನೋಡಿದ್ಲು, ಬಾಗಲ ಕಡಿ ನೋಡಿದ್ಲು, ಕಳ್ಳರಂಗ 'ಬ್ಯಾಡ್ರಿ' ಒತ್ತಿದ್ಲು. ಬಾಗಲಾ ಧಡ್ ಅಂತು. ಅವ್ವ ನಕ್ಕಳು ನೋಡ್ರಿ! ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಾಗ ನೀರು ಬರೂತನಕ ನಕ್ಕಳು. ಮತ್ತ ಚಾಲೂ ಮಾಡಿದ್ಲು, ಮತ್ತ 'ಬ್ಯಾಡ್ರಿ'. ಮತ್ತ ಧಡ್. ಪತ್ರ, ಬಸ್ ಎಲ್ಲಾ ಮರೆತಿದ್ಲು. ಐದಾರು ಸಲ ಆದ ಮ್ಯಾಲ ನಗು ನಿಂತು ಸಿಟ್ಟಿಗೆದ್ಲು.

'ಒಂದ್ ಸಲ ಬ್ಯಾಡ ಅಂದ್ರ ಇಷ್ಟೂ ಮಾನ ಹೋಗ್ತದೇನು? ಯಾರು ಹೇಳಿದ್ರು ನಿನಗ?'

'ನೀನೇ ಹೇಳೀದಿ. ಹುಟ್ಟಿದಾಗಿನಿಂದ.'

ಅವ್ವ ಕಣ್ಣಡಕಾ ತೆಗೆದ್ಲು.  'ಅಷ್ಟು ಹೋಗಂಗಿಲ್ಲ ಬಿಡು' ಅಂದ್ಲು ಆಮ್ಯಾಲ. 'ಒಂದೆರಡು ದಿನ ಮಾರಿ ಗಂಟು ಹಾಕ್ತಾರ, ಆಮ್ಯಾಲ ತಾವೇ ಮಾತಾಡಸ್ತಾರ. ಹಂಗ ಮಾಡು.'

'ಹಂಗಾರ ದೊಡ್ಡಪ್ಪಗ ಯಾಕ ಅನ್ನಂಗಿಲ್ಲ ನೀ?' ಅಂದೆ. ನನ್ನ ಬಾಯಿ ಕೆಟ್ಟದು, ಗೊತ್ತದ. ಅವ್ವ ಎದ್ದು ಒಳಗ ಹೋದ್ಲು.

ನಾ ಪಟ್ಟಿ ತಿದ್ದಿದೆ. 'ಬ್ಯಾಡ್ರಿ' ಅಂದ್ರ ಸ್ವಲ್ಪ ಇಳೀತದ, ಮೂರು ಮನಿ ದಾಟೋದ್ರೊಳಗ ತಾನೇ ಏರ್ತದ. ಆಟ ಮೊದಲನೇ ಸಲ ಗೆಲ್ಲೋವಂಗಾತು. ಆದ್ರ ಐತ್ವಾರದ ಗತಿ ಏನಂತ ಗೊತ್ತಿರಲಿಲ್ಲ.

ಶನಿವಾರ ಮುಂಜಾನಿ ಅವ್ವ ಝಳಕಾ ಮಾಡಿ, ವಿಭೂತಿ ಹಚ್ಚಿಕೊಂಡು, ಫೋನ್ ನನ್ನ ಕೈಗೆ ಕೊಟ್ಟು 'ಭಾವಾರಿಗೆ ಹಚ್ಚು' ಅಂದ್ಲು. ಹಚ್ಚಿದೆ. ಗಂಜದ ಗದ್ದಲಾ ಕೇಳಿಸ್ತು. ಅವ್ವ ನಿಂತೇ ಮಾತಾಡಿದ್ಲು.

'ಶರಣ್ರಿ ಭಾವಾರ. ನಾಳಿ ಬೀಗರು ಬರೋದು ಬ್ಯಾಡ್ರಿ... ಆರಾಮ ಅದಾಳರಿ... ಇಲ್ರಿ, ಕಾರಣ ಏನಿಲ್ರಿ. ಬ್ಯಾಡ್ರಿ, ಅಷ್ಟೇ.'

ನಾ ಗಾಬರಿಯಾದೆ. ಜ್ವರ ಅನ್ನಬಹುದಿತ್ತು, ಪರೀಕ್ಷಾ ಅನ್ನಬಹುದಿತ್ತು, ನೂರು ಸುಳ್ಳು ಇದ್ದವು. ಆ ಕಡಿಯಿಂದ ದೊಡ್ಡಪ್ಪನ ದನಿ ಏರಿತು, ಆಮ್ಯಾಲ ಕಟ್ ಆತು. ಅವ್ವ ಫೋನ್ ನನ್ನ ಕೈಗೆ ವಾಪಸ್ ಕೊಟ್ಲು. ನನ್ನ ಕಡಿ ತಿರುಗಿ, 'ನಾಳಿ ಆರಿಸ್ಲಿಲ್ಲಂದ್ರ ಮನಿಗೆ ಬಾ, ನಿನ್ನ ಚರ್ಮಾ ಸುಲೀತೇನಿ' ಅಂದ್ಲು.

ಆರಿಸಿದ್ರು. ಬೀದರದಾಗ ಆಡಿದವರೊಳಗ ಒಬ್ಬಾಕಿ ಹೆಣ್ಣುಮಗಳು ಹನ್ನೊಂದೂ ಮನಿಯೊಳಗ 'ಬ್ಯಾಡ್ರಿ' ಒತ್ತಿ ಮಧ್ಯಾಹ್ನಕ್ಕೇ ಬಸ್ ಸ್ಟ್ಯಾಂಡಿನಾಗ ಬಂದು ಕುಂತ್ಲು. ಉಳಿದವರು ಎಂದಿನಂಗ ಚಾ ಕುಡದು ಸೋತ್ರು. ಬಟನ್ ಕೊಟ್ರೂ ಒತ್ತಂಗಿಲ್ಲ ನಮ್ಮ ಮಂದಿ!

ಒಂದೆರಡು ದಿನ ಅಂದಿದ್ಲಲ್ಲ ಅವ್ವ, ದೊಡ್ಡಪ್ಪ ಎರಡು ತಿಂಗಳು ಮಾತಾಡ್ಲಿಲ್ಲ. ನಾ ಬೀದರದಾಗ ಕಲಿಯೋದು ಅರ್ಧ ಮುಗಿದಿತ್ತು. ಒಂದು ರಜಾದಿನ ಊರಾಗಿದ್ದಾಗ ತನ್ನ ಮಗನ ಲಗ್ನಪತ್ರ ತಗೊಂಡು ಆತನೇ ಬಂದ. ತಮ್ಮನ ಮನಿಗೆ ಪತ್ರ ಕೊಡದಿದ್ರ ನಡಿಯಂಗಿಲ್ಲ. ಒಳಗ ಬಂದು ಕುರ್ಚಿ ತುದಿಗೆ ಕುಂತ. ಪತ್ರ ದೇವರ ಮುಂದ ಇಟ್ಟ. ಅವ್ವ ಆಗಲೇ ಒಳಗ ಓಡಿ, ಆತಗ ಸೇರೋವಂಗ ಶುಂಠಿ ಜಜ್ಜಿ ಹಾಕಿ ಚಾ ಮಾಡಿಕೊಂಡು ಬಂದ್ಲು.

'ಬ್ಯಾಡ' ಅಂದ ದೊಡ್ಡಪ್ಪ.

ನಮ್ಮ ಮನಿಯಾಗ ಚಾ ಹಂಗ ಯಾರೂ ಬ್ಯಾಡ ಅಂದಿದ್ದಿಲ್ಲ. ಅವ್ವ ಕಪ್ ಹಿಡಕೊಂಡು ನಿಂತಲ್ಲೇ ನಿಂತ್ಲು.  ಆತ ಕಾರಣ ಹೇಳ್ತಾನೇನೋ ಅಂತ ಕಾದೆ. ಹೇಳಲಿಲ್ಲ. 'ಆಗಲಿರಿ' ಅಂದ್ಲು ಅವ್ವ. ಆತ ಎದ್ದು ಚಪ್ಪಲಿ ಮೆಟ್ಟಿ ಹೋದ.

'ನನ್ನ ಸಲುವಾಗಿ ಆತಲ್ಲವ್ವಾ ಇದು' ಅಂದೆ. 

'ನಿನ್ನ ಸಲುವಾಗಿ ಅಂತ ಯಾರಂದ್ರು? ನನ್ನ ಬಾಯಿ, ನಾ ಅಂದೆ' ಅಂದ್ಲು ಅವ್ವ. ಕಪ್ ನನ್ನ ಮುಂದ ಹಿಡಿದ್ಲು. 'ಆರ್ತದ. ಕುಡಿ.'

ನನಗ ಬ್ಯಾಡಾಗಿತ್ತು. ಕುಡಿದೆ.