ರಾಮದುರ್ಗದ ಮಗ್ಗದ ಮುಂದೆ ಗ್ರೀಕ್ ಚಿತ್ರಗಾರ

ಎಪ್ಪತ್ತರ ದಶಕದ ಒಂದು ಮಾಗಿಯಲ್ಲಿ, ಗ್ರೀಸ್ ದೇಶದ ಚಿತ್ರಗಾರ ನಿಕೋಸ್ ಅವರನ್ನು ಕರೆತರಲು ಬೈಲಹೊಂಗಲದಿಂದ ಕಿತ್ತೂರಿಗೆ ಹೋದೆ. ಕೈಮಗ್ಗ ನೋಡಬೇಕೆಂದು ಅವರು ನಮ್ಮ ಕಾಲೇಜಿಗೆ ಬರೆದಿದ್ದರು. ನಾನು ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ; ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ. ತೋರಿಸಲು ಬೇರೆ ಮಗ್ಗ ಯಾಕೆ? ರಾಮದುರ್ಗದಲ್ಲಿ ನನ್ನ ಅವ್ವನ ಮಗ್ಗವೇ ಇತ್ತು. ಅದರ ದುಡಿಮೆಯಲ್ಲೇ ನಾನು ಓದಿದ್ದು.

ಬೈಲಹೊಂಗಲದ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಝುಣಕ ಉಣ್ಣುತ್ತ ಅವರು ತಮ್ಮ ಕಥೆ ಹೇಳಿದರು. ಹುಟ್ಟಿದ್ದು ದ್ವೀಪದಲ್ಲಿ. ಮೊದಲು ಮನುಷ್ಯರ ಮುಖ ಬರೆಯುತ್ತಿದ್ದರಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಿರಿಯ ಸೋದರ ಹಸಿವಿನಿಂದ ಸತ್ತ. ಆಮೇಲೆ ಮುಖ ಬರೆಯಲು ಕೈ ಏಳಲಿಲ್ಲ. ಬರೀ ಬಣ್ಣದ ಪಟ್ಟೆ ಬರೆದರು. ಹೆಸರು ಬಂದದ್ದು ಅದರಿಂದಲೇ. ಬಣ್ಣ ಕಲಸಿ ಕೊಡುತ್ತಿದ್ದವಳು ಹೆಂಡತಿ. ಅವಳು ತೀರಿಕೊಂಡ ದಿನದಿಂದ ಕುಂಚ ಮುಟ್ಟಿಲ್ಲ.

ಸವದತ್ತಿಯಲ್ಲಿ ಬಸ್ಸು ಬದಲಿಸಿದ ಮೇಲೆ ಅವಳು ತೀರಿದಾಗ ಅರ್ಧಕ್ಕೇ ಬಿಟ್ಟ ಕೊನೆಯ ಚಿತ್ರದ ಫೋಟೊ ತೋರಿಸಿದರು. ಮೇಲರ್ಧ ಕೆಂಪು, ಕಪ್ಪು ಪಟ್ಟೆ; ಕೆಳಗೆ ಬೋಳು ಬಟ್ಟೆ.

"ಊರಿಗೆ ಹೋಗಿ ಖಾಲಿ ಭಾಗ ಕತ್ತರಿಸಿಬಿಡುತ್ತೇನೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು," ಎಂದರು.

ಪುಸ್ತಕದ ಇಂಗ್ಲಿಷಿನಲ್ಲಿ ಏನೇನೋ ಸಮಾಧಾನ ಹೇಳಿದೆ. ಅವರು ಕಿಟಕಿಯಾಚೆ ನೋಡಿದರು.

ರಾಮದುರ್ಗದ ಮನೆ ಮುಟ್ಟಿದಾಗ ಅವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ನೇಯ್ದ ಸೀರೆ ಕೊಯ್ದು ತೆಗೆದಾಗಿತ್ತು. ಹಾಸು ಎಂದರೆ ಮಗ್ಗದ ಉದ್ದೆಳೆಗಳು; ಉಳಿಸಿದ್ದ ಹಳೇ ಹಾಸಿನ ಗೇಣುದ್ದದ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತಿದ್ದಳು.

"ಬರ್ರಿ ಸಾಹೇಬ್ರ, ಕುಂದರ್ರಿ. ತಮ್ಮಾ, ಮಾರಿ ಯಾಕ ಸಣ್ಣ ಮಾಡ್ಯಾರ? ನಿನ್ನ ಇಂಗ್ಲಿಷ್ ಕೇಳಿ ದಣದಾರೇನ?"

ಫೋಟೊ ಕೊಟ್ಟು, ಅವರ ಹೆಂಡತಿ ತೀರಿದ್ದನ್ನೂ ಕತ್ತರಿಸುವ ಮಾತನ್ನೂ ಹೇಳಿದೆ. ಅವ್ವ ಬಹಳ ಹೊತ್ತು ನೋಡಿದಳು.

"ಕತ್ತರಸಿದ್ರ ಮುಂದಿಂದು ಎದಕ್ಕ ಕೂಡಸ್ತಾರಂತ? ನಿಮ್ಮಪ್ಪ ಹೂಡಿದ ಹಾಸಿನ ತುದಿಗೆ ನಾ ಒಂದು ಕೂಡಿಸಿದ್ನಿ. ಅದರ ತುದಿಗೆ ಮತ್ತೊಂದು. ಅವ್ರು ತೀರಿ ಹ್ವಾದ ಮ್ಯಾಲೂ ಮಗ್ಗ ಒಮ್ಮೆನೂ ಬರಿದು ಮಾಡಿಲ್ಲ. ಹೇಳು ಸಾಹೇಬ್ರಿಗೆ."

ನನ್ನದೇನೂ ಸೇರಿಸದೆ ಹೇಳಿದೆ.

ನಿಕೋಸ್ ಅವಳ ಪಕ್ಕ ಕೂತರು. ಅವ್ವ ಎರಡು ತುದಿ ಅವರ ಬೆರಳಿಗೆ ಕೊಟ್ಟಳು. ಗಂಟು ಎರಡು ಸಲ ಜಾರಿತು. ಮೂರನೆಯ ಸಲ ನಿಂತಿತು.

"ಕೈ ಇನ್ನೂ ಐತಿ ಬಿಡ್ರಿ," ಎಂದಳು.

ಮರುದಿನ ವಾಪಸ್ ಬರುವಾಗ, ಸವದತ್ತಿ ದಾಟಿದ ಮೇಲೆ, ಅವರು ನನ್ನ ಪೆನ್ನು ಕೇಳಿದರು. ಫೋಟೊವನ್ನು ಮೊಣಕಾಲ ಮೇಲಿಟ್ಟು, ಬಣ್ಣ ಮುಗಿದಲ್ಲಿಂದ ಖಾಲಿ ಭಾಗದ ಮೇಲೆ ಕೆಳಕ್ಕೆ, ಹಾಸಿನ ಎಳೆಗಳಂತೆ, ಒಂದೊಂದೇ ಗೆರೆ ಎಳೆಯತೊಡಗಿದರು. ಬಸ್ಸಿನ ಕುಲುಕಾಟಕ್ಕೆ ಗೆರೆಗಳು ಸೊಟ್ಟಾದವು. ನಿಲ್ಲಿಸಲಿಲ್ಲ. ಕಿತ್ತೂರಿನಲ್ಲಿ ಬೆಂಗಳೂರು ಬಸ್ಸು ಹತ್ತಿಸಿದಾಗ ಇನ್ನೂ ಅರ್ಧ ಬಾಕಿಯಿತ್ತು. ಪೆನ್ನು ಅವರ ಕೈಯಲ್ಲೇ ಉಳಿಯಿತು, ನಾನು ಕೇಳಲಿಲ್ಲ.